ಗೇಣಿ, ಜಾತಿ, ಮತ: ಮಲೆನಾಡಿನ ಮತದಾರನನ್ನು ಅರಿಯುವ ಬಗೆ

ಚುನಾವಣೆಯ ಫಲಿತಾಂಶ ಹೊರಬಿದ್ದ ಮರುದಿನ ಪತ್ರಿಕೆ ತೆರೆದರೆ ಒಂದು ವಾಕ್ಯ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ: ‘ಜಾತಿ ಲೆಕ್ಕಾಚಾರ ಫಲ ನೀಡಿತು’. ಸೋತವರ ವಿಷಯಕ್ಕೆ ಬಂದಾಗ ಅದೇ ವಾಕ್ಯ ‘ಜಾತಿ ಲೆಕ್ಕಾಚಾರ ಕೈಕೊಟ್ಟಿತು’ ಎಂದಾಗುತ್ತದೆ. ಗೆಲುವಿಗೂ ಅದೇ ಕಾರಣ, ಸೋಲಿಗೂ ಅದೇ ಕಾರಣ. ವಿಜ್ಞಾನ ಓದಿಕೊಂಡು ಬಂದ ನನ್ನಂಥವನಿಗೆ ಇಂಥ ವಿವರಣೆ ಕೇಳಿದಾಗ ಸ್ವಲ್ಪ ಇರುಸುಮುರುಸಾಗುತ್ತದೆ. ಯಾವ ಫಲಿತಾಂಶಕ್ಕಾದರೂ ಹೊಂದಿಕೊಳ್ಳುವ ಸೂತ್ರ ನಿಜವಾಗಿ ಯಾವ ಫಲಿತಾಂಶವನ್ನೂ ವಿವರಿಸುವುದಿಲ್ಲ.

ಹಾಗೆಂದು ಜಾತಿ ಲೆಕ್ಕಕ್ಕೇ ಇಲ್ಲವೆಂದು ಹೇಳಿದರೆ ಅದು ಇನ್ನೊಂದು ಬಗೆಯ ಆತ್ಮವಂಚನೆ. ಮತದಾರನ ಹಿಂದೆ ಅವನ ಜಾತಿ, ಜಮೀನು, ಸಾಲ, ಉದ್ಯೋಗ, ವಿದ್ಯೆ, ನೆರೆಹೊರೆ, ಮನೆಯ ಹಿರಿಯರು ಎಲ್ಲರೂ ನಿಂತಿರುತ್ತಾರೆ. ಪ್ರಶ್ನೆ ಇರುವುದು ಬೇರೆ ಕಡೆ. ಇವುಗಳಲ್ಲಿ ಯಾವುದು, ಯಾವಾಗ, ಹೇಗೆ ಮತವನ್ನು ಎಳೆಯುತ್ತದೆ? ನಮ್ಮ ಚರ್ಚಾ ಕಾರ್ಯಕ್ರಮದಲ್ಲಿ ಸಮಯ ಸಾಲದೆ ಬಿಟ್ಟುಹೋಗುವ ಸಂಗತಿಗಳನ್ನು ಈ ಪುಟಗಳಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳೇ ಸಾಕು.

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲಿ ಮೇಗರವಳ್ಳಿ ಸಿಗುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಈ ಹೆಸರು ಹೊಸದಲ್ಲ. ಆ ಕಾದಂಬರಿಯ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ. ದೊಡ್ಡ ಮನೆ, ಅದರ ಒಕ್ಕಲುಗಳು, ಅದರ ಆಳುಗಳು ಎಂಬ ಮಲೆನಾಡಿನ ಹಳೆಯ ಏರ್ಪಾಡನ್ನು ಅಷ್ಟು ವಿವರವಾಗಿ ತೋರಿಸುವ ಇನ್ನೊಂದು ಪುಸ್ತಕ ಅಪರೂಪ. ಬಯಲುಸೀಮೆಯ ವಿದ್ಯಾರ್ಥಿಗಳು ಇಲ್ಲಿ ಒಂದು ಮಾತು ಗಮನಿಸಬೇಕು. ಬಯಲಿನ ಊರುಗಳಂತೆ ಇಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ಒಂದು ಗದ್ದೆ ಬಯಲು, ಅದರ ಅಂಚಿಗೆ ಅಡಿಕೆ ತೋಟ, ಮೇಲೆ ಒಂದು ಮನೆ. ಮತ್ತೊಂದು ಮನೆ ಗುಡ್ಡದ ಆಚೆ. ಊರಿನ ಹೆಸರು ಕೇಳಿದರೆ ಮನೆಯ ಹೆಸರು ಹೇಳುತ್ತಾರೆ. ಇಂಥ ಕಡೆ ‘ಊರಿನ ಅಭಿಪ್ರಾಯ’ ಎಂಬುದು ಅರಳೀಕಟ್ಟೆಯಲ್ಲಿ ರೂಪುಗೊಳ್ಳುವುದಿಲ್ಲ. ಹಿಂದೆ ಅದು ದೊಡ್ಡ ಮನೆಯ ಜಗಲಿಯಲ್ಲಿ ರೂಪುಗೊಳ್ಳುತ್ತಿತ್ತು. ಜಗಲಿಯ ಮೇಲೆ ಕುಳಿತವರು ಮಾತಾಡುತ್ತಿದ್ದರು, ಅಂಗಳದಲ್ಲಿ ನಿಂತವರು ಕೇಳುತ್ತಿದ್ದರು.

ಕಂದಾಯ ಕಟ್ಟಿದವನಿಗೆ ಮತ

ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಆರಂಭವಾಯಿತು. ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಆ ಸಭೆಗೆ ಪ್ರತಿನಿಧಿಗಳನ್ನು ಆರಿಸುವ ಹಕ್ಕು ಎಲ್ಲ ಪ್ರಜೆಗಳಿಗೂ ಇರಲಿಲ್ಲ. ಸರಕಾರಕ್ಕೆ ಇಂತಿಷ್ಟು ಕಂದಾಯ ಕಟ್ಟುವವರು, ತೆರಿಗೆ ಕೊಡುವವರು, ಪದವೀಧರರು, ಹೀಗೆ ಆಸ್ತಿ ಅಥವಾ ವಿದ್ಯೆಯ ಅರ್ಹತೆ ಬೇಕಾಗಿತ್ತು.

ಇದನ್ನು ಮಲೆನಾಡಿಗೆ ಅನ್ವಯಿಸಿ ನೋಡಿ. ಗದ್ದೆಗೆ ಇಳಿದು ನಾಟಿ ಮಾಡಿದವನು, ಕೊಯ್ದವನು, ಒಕ್ಕಿದವನು ಗೇಣಿದಾರ. ಅವನು ಬೆಳೆಯ ದೊಡ್ಡ ಪಾಲನ್ನು ಗೇಣಿಯಾಗಿ ಒಡೆಯನಿಗೆ ಅಳೆಯುತ್ತಿದ್ದ. ಸರಕಾರಕ್ಕೆ ಕಂದಾಯ ಕಟ್ಟುವವನು ಒಡೆಯ. ಆದ್ದರಿಂದ ಮತವೂ ಒಡೆಯನದೇ. ಗೇಣಿದಾರ ಬೆವರು ಸುರಿಸಿದ್ದಕ್ಕೆ ಯಾವ ಕಾಗದದಲ್ಲೂ ಗುರುತು ಇರಲಿಲ್ಲ. ಎಷ್ಟೋ ಕಡೆ ಗೇಣಿ ಕೊಟ್ಟದ್ದಕ್ಕೆ ರಸೀದಿಯೂ ಇರಲಿಲ್ಲ. ಅವನು ಕಟ್ಟಿಕೊಂಡ ಗುಡಿಸಲಿನ ನೆಲವೂ ಒಡೆಯನದಾಗಿದ್ದುದರಿಂದ ‘ಬಿಡು’ ಎಂದರೆ ಗದ್ದೆಯ ಜೊತೆಗೆ ಮನೆಯನ್ನೂ ಬಿಡಬೇಕಾಗುತ್ತಿತ್ತು. ಒಕ್ಕಲೆಬ್ಬಿಸುವುದು ಎಂಬ ಒಂದು ಕ್ರಿಯಾಪದದಲ್ಲಿ ಇಷ್ಟೂ ಅಡಗಿತ್ತು.

ಸ್ವತಂತ್ರ ಭಾರತದ ಸಂವಿಧಾನ ಈ ಲೆಕ್ಕವನ್ನು ಒಂದೇ ಪೆಟ್ಟಿಗೆ ಅಳಿಸಿತು. 326ನೆಯ ವಿಧಿಯ ಪ್ರಕಾರ ವಯಸ್ಕರೆಲ್ಲರಿಗೂ ಮತ. ಆಗ ವಯಸ್ಸಿನ ಮಿತಿ 21. ಅದು 18ಕ್ಕೆ ಇಳಿದದ್ದು 61ನೆಯ ತಿದ್ದುಪಡಿಯಿಂದ, 1989ರಲ್ಲಿ. ಒಡೆಯನಿಗೂ ಒಂದು ಮತ, ಅವನ ಗೇಣಿದಾರನಿಗೂ ಒಂದು ಮತ, ಗೇಣಿದಾರನ ಹೆಂಡತಿಗೂ ಒಂದು ಮತ. ಕಾಗದದ ಮೇಲೆ ಸರಿ. ಆದರೆ ಗದ್ದೆ ಇನ್ನೂ ಒಡೆಯನ ಕೈಯಲ್ಲೇ ಇತ್ತು. ಮತ ಒಬ್ಬನದು, ಅನ್ನ ಇನ್ನೊಬ್ಬನ ಕೈಯಲ್ಲಿ. ಇಂಥ ಸ್ಥಿತಿಯಲ್ಲಿ ಗೇಣಿದಾರ ಯಾರಿಗೆ ಮತ ಹಾಕಿಯಾನು?

ಒಡೆಯ ಹೇಳಿದವರಿಗೆ ಎಂಬುದು ನಿಮ್ಮ ಉತ್ತರವಾಗಿದ್ದರೆ ಅದು ಅಸಂಗತವೇನಲ್ಲ. ಹೆಸರಾಂತ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ತಮ್ಮ ಬರಹಗಳಲ್ಲಿ ಆ ಊರನ್ನು ‘ರಾಮಪುರ’ ಎಂದು ಕರೆದರು. ಇಂದು ದೇಶದ ಎಲ್ಲ ಭಾಷೆಗಳ ಪತ್ರಿಕೆಗಳಲ್ಲೂ ಓಡಾಡುವ ‘ವೋಟ್ ಬ್ಯಾಂಕ್’ ಎಂಬ ಮಾತು ಮೊದಲು ಬಳಕೆಗೆ ಬಂದದ್ದು ಈ ಹಳ್ಳಿಯ ಬಗ್ಗೆ ಅವರು 1955ರಲ್ಲಿ ಪ್ರಕಟಿಸಿದ ಲೇಖನದಲ್ಲಿ. ಈಗ ನಾವು ಆ ಮಾತನ್ನು ಒಂದು ಜಾತಿಯ ಅಥವಾ ಒಂದು ಧರ್ಮದ ಜನ ಎಂಬ ಅರ್ಥದಲ್ಲಿ ಬಳಸುತ್ತೇವೆ. ಶ್ರೀನಿವಾಸ್ ಅವರ ಅರ್ಥ ಬೇರೆ. ಊರಿನ ಪ್ರಬಲ ಯಜಮಾನನಿಗೆ ಸಾಲ, ಜಮೀನು, ಆಶ್ರಯ ಇವುಗಳ ಋಣದಿಂದ ಕಟ್ಟುಬಿದ್ದ ಹಲವು ಜಾತಿಯ ಜನರಿರುತ್ತಾರೆ. ಅವರ ಮತಗಳನ್ನು ಒಟ್ಟಿಗೆ ಕೊಡಿಸುವ ಯಜಮಾನನೇ ಆ ಬ್ಯಾಂಕಿನ ಮೇನೇಜರು. ಅಂದರೆ ಮೂಲದಲ್ಲಿ ಇದು ಆರ್ಥಿಕ ಸಂಬಂಧದ ಹೆಸರಾಗಿತ್ತು. ಜಾತಿಯ ಹೆಸರಾದದ್ದು ಆಮೇಲೆ.

ಹಾಗಾದರೆ ಮಲೆನಾಡಿನಲ್ಲೂ ಹೀಗೆಯೇ ಆಗಬೇಕಿತ್ತಲ್ಲವೆ?

ಕೊಳಗದ ಅಳತೆ

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಒಂದು ಜಗಳ ಬೆಳೆದು ಚಳವಳಿಯಾಯಿತು. ಜಗಳದ ವಸ್ತು ಕೊಳಗ. ಭತ್ತ ಅಳೆಯುವ ಈ ಮಾಪಕ ಮೂರು ಸೇರಿನದಾಗಿರಬೇಕು, ಆದರೆ ಗೇಣಿ ಅಳೆಸಿಕೊಳ್ಳುವಾಗ ಒಡೆಯರು ಬಳಸುವ ಕೊಳಗ ಅದಕ್ಕಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಅಂತರ ಬರೀ ಅರ್ಧ ಸೇರು ಎಂದಿಟ್ಟುಕೊಳ್ಳಿ. ನೂರು ಕೊಳಗ ಗೇಣಿ ಅಳೆಯುವ ಸಂಸಾರ ಐವತ್ತು ಸೇರು ಭತ್ತವನ್ನು ಲೆಕ್ಕಕ್ಕೇ ಸಿಗದಂತೆ ಕಳೆದುಕೊಳ್ಳುತ್ತದೆ. ಆಷಾಢದ ಮಳೆಯಲ್ಲಿ ಮನೆಯ ಪಣತ ಬರಿದಾಗುವ ಮಲೆನಾಡಿನಲ್ಲಿ ಐವತ್ತು ಸೇರು ಎಂದರೆ ಎಷ್ಟು ದಿನದ ಗಂಜಿ ಎಂಬುದನ್ನು ನಿಮ್ಮ ಅಜ್ಜಿಯನ್ನು ಕೇಳಿ.

ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಒಡೆಯರು ಲಿಂಗಾಯತರು, ಬ್ರಾಹ್ಮಣರು. ರೈತರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪನವರು. ಅಳತೆ ಸರಿಯಾಗಲಿ, ಕೊಟ್ಟದ್ದಕ್ಕೆ ರಸೀದಿ ಸಿಗಲಿ ಎಂಬುದಷ್ಟೇ ಮೊದಲಿನ ಬೇಡಿಕೆ. ಅದಕ್ಕೆ ಬಂದ ಉತ್ತರ ಜಮೀನು ಬಿಡಿಸುವ ಬೆದರಿಕೆ. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹಿಡಿದು ಗದ್ದೆಗೆ ಇಳಿದರು. ಬಂಧನಗಳು ನಡೆದವು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸತ್ಯಾಗ್ರಹ ಮಾಡಿ ಬಂಧನಕ್ಕೊಳಗಾದರು. ಜೈಲು ಸೇರಿದವರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದವರಾದ ಶಾಂತವೇರಿ ಗೋಪಾಲಗೌಡರೂ ಇದ್ದರು.

ಕೆಲವೇ ತಿಂಗಳುಗಳಲ್ಲಿ ಮೊದಲ ಮಹಾಚುನಾವಣೆ ಬಂತು. ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ನಿಂತ ಗೋಪಾಲಗೌಡರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಎದುರಿಗೆ ಸ್ವಾತಂತ್ರ್ಯ ತಂದ ಪಕ್ಷವೆಂಬ ಕೀರ್ತಿಯಿದ್ದ ಕಾಂಗ್ರೆಸ್ಸು. ದೇಶದಲ್ಲೆಲ್ಲ ಜೋಡೆತ್ತಿನ ಗುರುತಿನ ಗಾಳಿ. ಆದರೂ ಗೋಪಾಲಗೌಡರು ಗೆದ್ದರು.

ಈ ಗೆಲುವಿನಲ್ಲಿ ನೀವು ಗಮನಿಸಬೇಕಾದ ಒಂದು ಅಂಶವಿದೆ. ಗೋಪಾಲಗೌಡರು ಹುಟ್ಟಿನಿಂದ ಒಕ್ಕಲಿಗರು. ಅವರ ಬೆನ್ನಿಗೆ ನಿಂತ ಗೇಣಿದಾರರಲ್ಲಿ ಬಹುಪಾಲು ದೀವರು. ‘ಜಾತಿಗೆ ಜಾತಿ’ ಎಂಬ ಸೂತ್ರ ಇಲ್ಲಿ ಕೆಲಸ ಮಾಡುವುದಿಲ್ಲ. ಜಾತಿಯ ಪಾತ್ರ ಮಾತ್ರ ಇದ್ದೇ ಇದೆ: ಒಂದೇ ಸಮುದಾಯದವರು ಒಂದೇ ಬಗೆಯ ಗೇಣಿಯ ಕಷ್ಟದಲ್ಲಿದ್ದುದರಿಂದ ಸುದ್ದಿ ಬೇಗ ಹರಡಿತು, ಒಗ್ಗಟ್ಟು ಬೇಗ ಬಂತು. ನೆಂಟಸ್ತನದ ದಾರಿಯಲ್ಲೇ ಚಳವಳಿಯ ಮಾತೂ ಹೋಯಿತು. ಜಾತಿ ದಾರಿಯಾಯಿತು, ಆ ದಾರಿಯಲ್ಲಿ ಹೋದ ಸರಕು ಕೊಳಗದ ಅನ್ಯಾಯ.

ಇನ್ನೊಂದು ಅಂಶ ಅಷ್ಟೇ ಮುಖ್ಯ, ಆದರೆ ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅದು ಮತಗಟ್ಟೆಯ ಪರದೆ. ಆಗ ಈಗಿನಂತೆ ಒಂದೇ ಕಾಗದದಲ್ಲಿ ಎಲ್ಲ ಅಭ್ಯರ್ಥಿಗಳ ಹೆಸರು ಇರಲಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತಿನ ಚಿತ್ರ. ಮತದಾರ ಕೊಟ್ಟ ಚೀಟಿಯನ್ನು ಹಿಡಿದು ಮರೆಗೆ ಹೋಗಿ ತನಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರುತ್ತಿದ್ದ. ಜಗಲಿಯ ಎದುರು ತಲೆ ತಗ್ಗಿಸಿ ‘ಆಯ್ತು ಒಡೆಯಾ’ ಎಂದವನು ಪರದೆಯ ಹಿಂದೆ ಏನು ಮಾಡಿದನೆಂದು ಒಡೆಯನಿಗೆ ತಿಳಿಯುವ ಉಪಾಯವಿರಲಿಲ್ಲ. ನಿಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದ ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದೆ. ಆ ಶಾಯಿಯೂ ನೀವು ಮತ ಹಾಕಿದ್ದೀರಿ ಎಂದಷ್ಟೇ ಹೇಳುತ್ತದೆ, ಯಾರಿಗೆ ಎಂದು ಹೇಳುವುದಿಲ್ಲ. ಬಡವನ ಮತಕ್ಕೆ ಗೌಪ್ಯ ಎನ್ನುವುದು ಶಿಷ್ಟಾಚಾರದ ಮಾತಲ್ಲ, ಅದೇ ಅವನ ರಕ್ಷೆ.

ಗೋಪಾಲಗೌಡರು 1957ರಲ್ಲಿ ಸೋತರು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. 1962ರಲ್ಲಿ, 1967ರಲ್ಲಿ ಮತ್ತೆ ಗೆದ್ದರು. ಒಂದು ಚಳವಳಿ ಕೊಟ್ಟ ಬಲ ಕಾಯಂ ಠೇವಣಿಯಲ್ಲ. ಅತ್ತ ಕಾಂಗ್ರೆಸ್ ಸರಕಾರವೂ ಸುಮ್ಮನಿರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಕಡಿದಾಳ್ ಮಂಜಪ್ಪನವರು ಕಂದಾಯ ಸಚಿವರಾಗಿದ್ದಾಗ ಮೈಸೂರು ಗೇಣಿ ಶಾಸನ (1952), ಇನಾಂ ರದ್ದತಿ ಶಾಸನ (1954) ಬಂದವು. ಒಂದೇ ಪ್ರಶ್ನೆಗೆ ಎರಡು ಪಕ್ಷಗಳು ಪೈಪೋಟಿಯಿಂದ ಉತ್ತರ ಹುಡುಕತೊಡಗಿದಾಗ ಮತ ಹಂಚಿಹೋಗುವುದು ಸಹಜ.

ಉಳುವವನು ಒಡೆಯನಾದ ಮೇಲೆ

ದೇವರಾಜ ಅರಸು ಅವರ ಸರಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಮೇಲಿದ್ದ ಜಮೀನು ಸರಕಾರದಲ್ಲಿ ನಿಹಿತವಾಯಿತು. ಗೇಣಿದಾರ 7ನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕು, ತಾಲ್ಲೂಕಿನ ಭೂನ್ಯಾಯ ಮಂಡಳಿ ತೀರ್ಮಾನ ಕೊಡಬೇಕು. ಮಂಡಳಿಯ ಮುಂದೆ ವಕೀಲರಿಗೆ ಅವಕಾಶವಿರಲಿಲ್ಲ. ತಲೆ ಎತ್ತಿ ಮಾತಾಡಿ ಅಭ್ಯಾಸವಿಲ್ಲದ ಗೇಣಿದಾರ ತನ್ನ ಒಡೆಯನ ಎದುರಿಗೆ ನಿಂತು ‘ಈ ಗದ್ದೆ ನಾನು ಮಾಡುವುದು’ ಎಂದು ಸ್ವಂತ ಬಾಯಿಂದ ಹೇಳಬೇಕಾಯಿತು. ಕಾನೂನಿನ ಪುಸ್ತಕಗಳಲ್ಲಿ ಇದೊಂದು ಸಣ್ಣ ಕಲಮು. ಮನುಷ್ಯರ ನಡುವಿನ ಸಂಬಂಧದಲ್ಲಿ ಇದು ಭೂಕಂಪ.

ಇದರ ರಾಜಕೀಯ ಪರಿಣಾಮಕ್ಕೆ ಒಂದು ದೊಡ್ಡ ಸೂಚನೆ 1977ರಲ್ಲಿ ಕಾಣಿಸಿತು. ತುರ್ತು ಪರಿಸ್ಥಿತಿಯ ನಂತರ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿದಾಗ ಕರ್ನಾಟಕ 28 ಲೋಕಸಭಾ ಸ್ಥಾನಗಳಲ್ಲಿ 26ನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಮರುವರ್ಷ ಇಂದಿರಾ ಗಾಂಧಿಯವರು ಲೋಕಸಭೆಗೆ ಮರಳಿದ್ದು ತೀರ್ಥಹಳ್ಳಿಯ ಪಕ್ಕದ ಚಿಕ್ಕಮಗಳೂರಿನ ಉಪಚುನಾವಣೆಯಿಂದ. ತುರ್ತು ಪರಿಸ್ಥಿತಿಯ ಬಿಸಿ ದಕ್ಷಿಣದಲ್ಲಿ ಅಷ್ಟಾಗಿ ತಟ್ಟಿರಲಿಲ್ಲ ಎಂಬುದು ಒಂದು ಕಾರಣ. ಜಮೀನು ಸಿಕ್ಕಿದವರ, ಹಾವನೂರು ಆಯೋಗದಿಂದ ಮೀಸಲಾತಿಯ ಭರವಸೆ ಪಡೆದ ಹಿಂದುಳಿದ ವರ್ಗಗಳವರ ಕೃತಜ್ಞತೆ ಇನ್ನೊಂದು ಕಾರಣ.

ಆದರೆ ಈ ಕತೆಯನ್ನು ಮಂಗಳಾರತಿಯೊಂದಿಗೆ ಮುಗಿಸುವ ಹಾಗಿಲ್ಲ. ಗೇಣಿದಾರನಾಗಿದ್ದವನಿಗೆ ಭೂಮಿ ಬಂತು. ಗೇಣಿಯೂ ಇಲ್ಲದೆ ಕೂಲಿಯಿಂದಲೇ ಬದುಕುತ್ತಿದ್ದ ದಲಿತರಿಗೆ, ಇತರ ಬಡವರಿಗೆ ಈ ಕಾಯಿದೆಯಿಂದ ಸಿಕ್ಕಿದ್ದು ಕಡಿಮೆ. ಒಡೆಯರೆಲ್ಲ ದೊಡ್ಡ ಜಮೀನುದಾರರೂ ಆಗಿರಲಿಲ್ಲ. ಎರಡು ಎಕರೆಯ ಗೇಣಿ ಭತ್ತವನ್ನೇ ನಂಬಿದ್ದ ವಿಧವೆಯರೂ ಅರ್ಚಕರೂ ಇದ್ದರು, ಅವರ ಜೀವನೋಪಾಯವೂ ಹೋಯಿತು. ಒಂದೇ ಕಾನೂನು ಒಂದು ಮನೆಯಲ್ಲಿ ಕೃತಜ್ಞತೆಯನ್ನು, ಪಕ್ಕದ ಮನೆಯಲ್ಲಿ ತಲೆಮಾರಿನ ಸಿಟ್ಟನ್ನು ಬಿತ್ತಿತು. ಎರಡೂ ಮತಗಳಾಗಿ ಎಣಿಕೆಗೆ ಬರುತ್ತವೆ.

ಭೂಮಿ ಕೈಗೆ ಬಂದ ಮೇಲೆ ಮತದಾರನ ಪ್ರಶ್ನೆಗಳೇ ಬದಲಾದವು. ಗೇಣಿಯ ಕಾಲದಲ್ಲಿ ಅವನ ಎದುರಾಳಿ ಎದುರಿನ ಮನೆಯಲ್ಲಿದ್ದ. ಈಗ ಅವನಿಗೆ ಬೇಕಾದದ್ದು ಗೊಬ್ಬರ, ಸೊಸೈಟಿ ಸಾಲ, ಅಡಿಕೆಗೆ ಬೆಲೆ. ಎದುರಾಳಿ ಸರಕಾರ ಅಥವಾ ಮಾರುಕಟ್ಟೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದ ಬೇರು ಶಿವಮೊಗ್ಗ ಜಿಲ್ಲೆಯಲ್ಲಿ ಆಳವಾಗಿ ಹೋದದ್ದು ಆಕಸ್ಮಿಕವಲ್ಲ. ಆದರೆ ಲಕ್ಷಾಂತರ ರೈತರನ್ನು ಬೀದಿಗೆ ತಂದ ಆ ಸಂಘಕ್ಕೆ ವಿಧಾನಸಭೆಯಲ್ಲಿ ಸಿಕ್ಕಿದ ಸ್ಥಾನಗಳು ಬೆರಳೆಣಿಕೆಯಷ್ಟು. ಬೆಲೆಗಾಗಿ ಹೋರಾಡುವಾಗ ಅವನು ರೈತ. ಮತ ಹಾಕುವಾಗ ಅವನು ರೈತನೂ ಹೌದು, ಒಂದು ಜಾತಿಯವನೂ ಹೌದು, ಒಬ್ಬ ಮುಖಂಡನ ಬೆಂಬಲಿಗನೂ ಹೌದು, ಮಗನ ಕೆಲಸಕ್ಕಾಗಿ ಓಡಾಡುವ ತಂದೆಯೂ ಹೌದು.

ಬದಲಾಗದ್ದು ಬದಲಾವಣೆಗೆ ಕಾರಣವಾದೀತೆ?

ಇಲ್ಲಿ ಪ್ರಯೋಗಶಾಲೆಯ ಒಂದು ನಿಯಮ ನೆನಪಿಸಿಕೊಳ್ಳಿ. ಸ್ಥಿರವಾಗಿರುವ ಅಂಶದಿಂದ ಮಾತ್ರವೇ ಬದಲಾಗುವ ಫಲಿತಾಂಶವನ್ನು ವಿವರಿಸಲು ಬರುವುದಿಲ್ಲ. ತೀರ್ಥಹಳ್ಳಿ ಕ್ಷೇತ್ರವನ್ನೇ ನೋಡಿ. 1994, 1999, 2004ರಲ್ಲಿ ಭಾರತೀಯ ಜನತಾ ಪಕ್ಷದ ಆರಗ ಜ್ಞಾನೇಂದ್ರ ಗೆದ್ದರು. 2008, 2013ರಲ್ಲಿ ಕಾಂಗ್ರೆಸ್ಸಿನ ಕಿಮ್ಮನೆ ರತ್ನಾಕರ ಗೆದ್ದರು. 2018, 2023ರಲ್ಲಿ ಮತ್ತೆ ಜ್ಞಾನೇಂದ್ರ. ಐದು ವರ್ಷಗಳಲ್ಲಿ ಒಂದು ತಾಲ್ಲೂಕಿನ ಜಾತಿಗಳ ಪ್ರಮಾಣ ತಲೆಕೆಳಗಾಗುವುದಿಲ್ಲ.

ರಾಜ್ಯಮಟ್ಟದಲ್ಲಿ ಇನ್ನೂ ಸ್ಪಷ್ಟವಾದ ಉದಾಹರಣೆಯಿದೆ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ 224 ವಿಧಾನಸಭಾ ಸ್ಥಾನಗಳಲ್ಲಿ 139 ಅವರ ಜನತಾ ಪಕ್ಷಕ್ಕೆ ಬಂದವು. ನಡುವೆ ಇದ್ದದ್ದು ಮೂರು ತಿಂಗಳು. ಅದೇ ಜನ, ಅದೇ ಜಾತಿ, ಅದೇ ಜಮೀನು. ಇಂದಿರಾ ಗಾಂಧಿಯವರ ಹತ್ಯೆಯ ನಂತರ ‘ದೆಹಲಿಗೆ ಯಾರು’ ಎಂದು ಕೇಳಿದಾಗ ಒಂದು ಉತ್ತರ, ‘ಬೆಂಗಳೂರಿಗೆ ಯಾರು’ ಎಂದು ಕೇಳಿದಾಗ ಇನ್ನೊಂದು. 2023ರ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟ ರಾಜ್ಯ 2024ರ ಲೋಕಸಭೆಯಲ್ಲಿ ಅದಕ್ಕೆ 9 ಸ್ಥಾನ ಕೊಟ್ಟದ್ದೂ ಇದೇ ಜಾಡಿನದು. ಸಾಮಾಜಿಕ, ಆರ್ಥಿಕ ಅಂಶಗಳು ಮತದಾರನನ್ನು ಒಂದು ಕಡೆಗೆ ವಾಲಿಸುತ್ತವೆ. ಎಷ್ಟು ವಾಲಬೇಕೆಂಬುದು ಆ ಹೊತ್ತಿನ ಪ್ರಶ್ನೆಯನ್ನು ಅವಲಂಬಿಸುತ್ತದೆ.

ಈ ವಾಲುವಿಕೆಯನ್ನು ಮೊದಲು ಶಾಸ್ತ್ರೀಯವಾಗಿ ಅಳೆದವರಲ್ಲಿ ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಅವರ ಸಂಗಡಿಗರು ಪ್ರಮುಖರು. ಅಮೆರಿಕದ ಓಹಾಯೊ ರಾಜ್ಯದ ಈರಿ ಎಂಬ ಕೌಂಟಿಯಲ್ಲಿ 1940ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು 600 ಮಂದಿಯನ್ನು ಮತ್ತೆ ಮತ್ತೆ ಭೇಟಿ ಮಾಡಿ ಅವರ ಮನಸ್ಸು ಹೇಗೆ ಸಾಗುತ್ತದೆಂದು ದಾಖಲಿಸಿದರು. ವ್ಯಕ್ತಿಯ ಆರ್ಥಿಕ ಸ್ಥಿತಿ, ಧರ್ಮ, ಪಟ್ಟಣ ಅಥವಾ ಹಳ್ಳಿಯ ವಾಸ, ಈ ಮೂರನ್ನು ತಿಳಿದರೆ ಅವನ ಮತವನ್ನು ಬಹುಮಟ್ಟಿಗೆ ಊಹಿಸಬಹುದು ಎಂದು ಕಂಡುಬಂತು. ನಮ್ಮ ವೃತ್ತಿಯವರಿಗೆ ಅಷ್ಟೇನೂ ಪ್ರಿಯವಲ್ಲದ ಇನ್ನೊಂದು ಫಲಿತಾಂಶವೂ ಬಂತು: ಪತ್ರಿಕೆ, ರೇಡಿಯೋಗಳು ಮನಸ್ಸು ಬದಲಿಸುವುದು ಕಡಿಮೆ, ಇರುವ ಮನಸ್ಸನ್ನು ಗಟ್ಟಿ ಮಾಡುವುದೇ ಹೆಚ್ಚು. ಜನ ನಂಬುವುದು ತಮ್ಮ ನಡುವಿನ ತಿಳಿದವರ ಮಾತನ್ನು. ಮೇಗರವಳ್ಳಿಯಂಥ ಕಡೆ ಆ ‘ತಿಳಿದವರು’ ಯಾರೆಂದು ಯೋಚಿಸಿ. ಸೊಸೈಟಿ ಕಾರ್ಯದರ್ಶಿಯೆ? ಶಾಲೆಯ ಮೇಷ್ಟ್ರೆ? ಅಡಿಕೆ ಮಂಡಿಗೆ ವಾರಕ್ಕೊಮ್ಮೆ ಹೋಗಿ ಬರುವವರೆ? ಅಥವಾ ಬೆಂಗಳೂರಿನಿಂದ ಫೋನು ಮಾಡುವ ಮಗನೆ?

ಆ ಅಧ್ಯಯನದ ಅತ್ಯಂತ ಉಪಯುಕ್ತ ಕಲ್ಪನೆ ಎದುರುಬದುರು ಒತ್ತಡಗಳದು. ಒಬ್ಬನ ಮೇಲಿನ ಎಲ್ಲ ಒತ್ತಡಗಳೂ ಒಂದೇ ದಿಕ್ಕಿನಲ್ಲಿದ್ದರೆ ಅವನು ಬೇಗ ನಿರ್ಧರಿಸುತ್ತಾನೆ, ಗಟ್ಟಿಯಾಗಿ ಮಾತಾಡುತ್ತಾನೆ. ಒತ್ತಡಗಳು ವಿರುದ್ಧ ದಿಕ್ಕಿನಲ್ಲಿದ್ದರೆ ನಿರ್ಧಾರ ತಡವಾಗುತ್ತದೆ, ಕೆಲವೊಮ್ಮೆ ಅವನು ಮತಗಟ್ಟೆಗೇ ಬರುವುದಿಲ್ಲ. ಭೌತಶಾಸ್ತ್ರದ ಬಲಗಳ ಚಿತ್ರವನ್ನು ನೆನಪಿಸಿಕೊಂಡರೆ ಇದು ಕಷ್ಟವಲ್ಲ. ಒಂದೆರಡು ಎಕರೆ ತೋಟವಿರುವ ಒಬ್ಬರನ್ನು ಕಲ್ಪಿಸಿಕೊಳ್ಳಿ. ಜಾತಿಯ ಮುಖಂಡರು ಒಂದು ಪಕ್ಷದವರು. ಅಡಿಕೆಯ ಆಮದು ಸುಂಕದ ವಿಷಯದಲ್ಲಿ ಅವರಿಗೆ ಇನ್ನೊಂದು ಪಕ್ಷದ ಮೇಲೆ ಭರವಸೆ. ಬಗರ್‌ಹುಕುಂ ಅರ್ಜಿ ತಾಲ್ಲೂಕು ಕಚೇರಿಯಲ್ಲಿ ಕೊಳೆಯುತ್ತಿದ್ದು ಹಾಲಿ ಶಾಸಕರ ಮಾತು ನಡೆದರೆ ಮಾತ್ರ ಮುಂದಕ್ಕೆ ಹೋದೀತು ಎಂಬ ನಂಬಿಕೆ. ಹೆಂಡತಿಯ ಖಾತೆಗೆ ಗೃಹಲಕ್ಷ್ಮಿಯ ಹಣ ಬರುತ್ತಿದೆ. ಇವರನ್ನು ‘ಆ ಜಾತಿಯ ಮತ’ ಎಂದು ಒಂದೇ ಶಬ್ದದಲ್ಲಿ ಕರೆದುಬಿಟ್ಟರೆ ನಾವು ಕಲಿತದ್ದೇನು?

ಮೊತ್ತದಿಂದ ಮನುಷ್ಯನಿಗೆ ಹಾರಬಾರದು

ಒಂದು ಬೂತಿನಲ್ಲಿ ನೂರಕ್ಕೆ 60 ಮಂದಿ ಒಂದು ಸಮುದಾಯದವರು, ಒಂದು ಪಕ್ಷಕ್ಕೆ ಬಿದ್ದ ಮತವೂ ನೂರಕ್ಕೆ 60 ಎಂದಿಟ್ಟುಕೊಳ್ಳಿ. ಆ ಸಮುದಾಯದವರೆಲ್ಲ ಆ ಪಕ್ಷಕ್ಕೇ ಹಾಕಿದರು ಎನ್ನಬಹುದೆ? ಆ 60 ಮಂದಿಯಲ್ಲಿ ಬರೀ 30 ಮಂದಿ ಹಾಕಿ, ಉಳಿದ 40 ಮಂದಿಯಲ್ಲಿ 30 ಮಂದಿ ಹಾಕಿದ್ದರೂ ಮೊತ್ತ 60ರಷ್ಟೇ ಆಗುತ್ತದೆ. ಗುಂಪಿನ ಅಂಕಿಯಿಂದ ವ್ಯಕ್ತಿಯ ನಡತೆಯನ್ನು ಊಹಿಸುವ ಈ ತಪ್ಪನ್ನು ಡಬ್ಲ್ಯು.ಎಸ್. ರಾಬಿನ್ಸನ್ 1950ರಲ್ಲೇ ಎತ್ತಿ ತೋರಿಸಿದರು. ಫಲಿತಾಂಶದ ದಿನದ ಟೆಲಿವಿಷನ್ ಚರ್ಚೆಗಳಲ್ಲಿ ಅದು ಈಗಲೂ ಗಂಟೆಗೊಮ್ಮೆ ಕೇಳಿಸುತ್ತದೆ.

ನೇರವಾಗಿ ಕೇಳಿಬಿಡೋಣವೆಂದರೆ ಅಲ್ಲೂ ತೊಡಕು. ಕ್ಯಾಮೆರಾದ ಎದುರು ‘ಏನು ನೋಡಿ ಮತ ಹಾಕುತ್ತೀರಿ?’ ಎಂದು ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ: ‘ಅಭಿವೃದ್ಧಿ ನೋಡಿ’. ಕ್ಯಾಮೆರಾ ಕೆಳಗಿಳಿಸಿ ಕಾಫಿ ಕುಡಿಯುವಾಗ ಬೇರೆ ಮಾತು ಬರುತ್ತದೆ. ಜನ ಸುಳ್ಳು ಹೇಳುತ್ತಾರೆಂದಲ್ಲ. ಕೇಳುವವನ ಮುಖ ನೋಡಿ ಮರ್ಯಾದೆಯ ಉತ್ತರ ಕೊಡುವುದು ನಮ್ಮೆಲ್ಲರ ಅಭ್ಯಾಸ. ಒಳ್ಳೆಯ ಸಮೀಕ್ಷೆಗಳು ಇದಕ್ಕಾಗಿಯೇ ಉತ್ತರವನ್ನು ಬಾಯಲ್ಲಿ ಹೇಳಿಸದೆ ಚೀಟಿಯಲ್ಲಿ ಗುರುತು ಮಾಡಿಸಿ ಪೆಟ್ಟಿಗೆಗೆ ಹಾಕಿಸುತ್ತವೆ.

ಪರದೆಯ ಮಾತಿಗೆ ಮತ್ತೊಮ್ಮೆ ಬರಬೇಕು. ಮತಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಎಣಿಕೆ ಬೇರೆಬೇರೆಯಾಗಿಯೇ ಪ್ರಕಟವಾಗುತ್ತದೆ. ನಿಮ್ಮ ಮತ ಗುಟ್ಟಾಗಿಯೇ ಇದ್ದರೂ ನಿಮ್ಮ ಊರಿನ ಮತ ಗುಟ್ಟಾಗಿರುವುದಿಲ್ಲ. ಕೆಲವೇ ನೂರು ಮತದಾರರಿರುವ ಕಾಡಂಚಿನ ಮತಗಟ್ಟೆಯಲ್ಲಿ ‘ನಿಮ್ಮ ಕಡೆಯವರು ನಮಗೆ ಹಾಕಲಿಲ್ಲ, ಕಾಲುಸಂಕ ಹೇಗೆ ಬರುತ್ತದೆ ನೋಡೋಣ’ ಎಂಬ ಮಾತಿಗೆ ಅವಕಾಶವಾಗುತ್ತದೆ. ಹಲವು ಮತಗಟ್ಟೆಗಳ ಮತಗಳನ್ನು ಕೂಡಿಸಿಯೇ ಎಣಿಸುವ ‘ಟೋಟಲೈಸರ್’ ಎಂಬ ಯಂತ್ರವನ್ನು ಚುನಾವಣಾ ಆಯೋಗ 2008ರಲ್ಲಿ ಸೂಚಿಸಿತು, ಕಾನೂನು ಆಯೋಗ 2015ರಲ್ಲಿ ಬೆಂಬಲಿಸಿತು. ಅದು ಜಾರಿಗೆ ಬಂದಿಲ್ಲ. ನನ್ನ ಮಟ್ಟಿಗೆ ಇದು ಸಣ್ಣ ತಾಂತ್ರಿಕ ವಿಷಯವಲ್ಲ. ಗೇಣಿದಾರನ ಮತವನ್ನು ಕಾದ ಪರದೆ ಎಲ್ಲಿ ತೆಳುವಾಗುತ್ತಿದೆ ಎಂಬುದನ್ನು ಇಲ್ಲಿ ನೋಡಬಹುದು.

ಮಹಿಳೆಯರ ವಿಷಯ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ. ಇಲ್ಲಿ ಎರಡೇ ಅಂಕಿ: 1962ರ ಲೋಕಸಭಾ ಚುನಾವಣೆಯಲ್ಲಿ ದೇಶದ ಪುರುಷರಲ್ಲಿ ನೂರಕ್ಕೆ ಸುಮಾರು 63 ಮಂದಿ ಮತ ಹಾಕಿದರೆ ಮಹಿಳೆಯರಲ್ಲಿ ಸುಮಾರು 47. 2019ರಲ್ಲಿ ಇಬ್ಬರೂ 67ರ ಆಸುಪಾಸಿನಲ್ಲಿದ್ದು ಮಹಿಳೆಯರೇ ಕೂದಲೆಳೆಯಷ್ಟು ಮುಂದಿದ್ದರು. ಮನೆಯ ಯಜಮಾನ ಹೇಳಿದಂತೆ ಹೆಂಗಸರು ಹಾಕುತ್ತಾರೆಂಬ ಹಳೆಯ ನಂಬಿಕೆಯನ್ನು ಪಕ್ಷಗಳೇ ಬಿಟ್ಟುಕೊಟ್ಟಿವೆ, ಇಲ್ಲದಿದ್ದರೆ ಮಹಿಳೆಯರಿಗೆಂದೇ ಇಷ್ಟು ಯೋಜನೆಗಳು ಹುಟ್ಟುತ್ತಿರಲಿಲ್ಲ. ಆದರೆ ಯೋಜನೆಯೂ ಎಲ್ಲ ಕಡೆ ಒಂದೇ ತೂಕದ್ದಲ್ಲ. 2023ರ ಜೂನಿನಲ್ಲಿ ಆರಂಭವಾದ ಉಚಿತ ಪ್ರಯಾಣ ಸರಕಾರಿ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ಸುಗಳೇ ಹೆಚ್ಚು ಓಡುವ ತೀರ್ಥಹಳ್ಳಿ ಕಡೆಯ ಹೆಂಗಸಿಗೂ ಮೈಸೂರಿನ ಹೆಂಗಸಿಗೂ ಅದರಿಂದ ಸಿಗುವ ಲಾಭ ಒಂದೇ ಆಗಲಾರದು. ಹಾಗೆಯೇ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಬಿಟ್ಟು ಬಂದ ಶರಾವತಿ ಸಂತ್ರಸ್ತರ ಮನೆಗಳಲ್ಲಿ ಹಕ್ಕುಪತ್ರ ಎಂಬ ಒಂದು ಶಬ್ದಕ್ಕಿರುವ ತೂಕ ರಾಜಧಾನಿಯ ಯಾವ ಘೋಷಣೆಗೂ ಇಲ್ಲ.

ನೀವೇ ಒಂದು ಅಧ್ಯಯನ ಮಾಡಬಹುದು. ಮುಖ್ಯ ಚುನಾವಣಾಧಿಕಾರಿಗಳು ಪ್ರಕಟಿಸುವ 20ನೆಯ ನಮೂನೆಯಲ್ಲಿ ನಿಮ್ಮ ಮತಗಟ್ಟೆಯ ಅಂಕಿಗಳು ಸಿಗುತ್ತವೆ. ಒಂದು ವಿಧಾನಸಭಾ ಚುನಾವಣೆ ಮತ್ತು ಅದರ ಹತ್ತಿರದ ಒಂದು ಲೋಕಸಭಾ ಚುನಾವಣೆಯ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಆಮೇಲೆ ಹಿರಿಯರ ಬಳಿ ಹೋಗಿ. ಯಾರಿಗೆ ಮತ ಹಾಕಿದಿರಿ ಎಂದು ಮಾತ್ರ ಕೇಳಬೇಡಿ, ಅದು ಅವರ ಗುಟ್ಟು. ಗದ್ದೆ ಯಾರದಾಗಿತ್ತು, ಗೇಣಿ ಎಷ್ಟು ಅಳೆಯುತ್ತಿದ್ದರು ಅಥವಾ ಅಳೆಸಿಕೊಳ್ಳುತ್ತಿದ್ದರು, ಭೂನ್ಯಾಯ ಮಂಡಳಿಯ ಮುಂದೆ ಯಾರು ಹೋಗಿದ್ದರು, ಆ ದಿನ ಎರಡು ಮನೆಯವರೂ ಒಂದೇ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿ ಬಂದರೆ ಎಂದು ಕೇಳಿ. ಅಟ್ಟದ ಮೇಲೆ ಹಳೆಯ ಕೊಳಗ ಸಿಕ್ಕಿದರೆ ಕೆಳಗಿಳಿಸಿ, ಭತ್ತ ತುಂಬಿ, ಅದು ಎಷ್ಟು ಸೇರು ಹಿಡಿಯುತ್ತದೆಂದು ಅಳೆದು ಬರೆದಿಡಿ.